ಮೂತ್ರಪಿಂಡ – ಬೇಡದ್ದು ಹೊರಗೆ, ಬೇಕಾದ್ದು ಒಳಗೆ



ಮಾರ್ಚ್ ತಿಂಗಳ ಎರಡನೇ ಗುರುವಾರವನ್ನು 2006ರಿಂದ ವಿಶ್ವ ಮೂತ್ರಪಿಂಡ ದಿನ ಎಂದು ಆಚರಿಸುತ್ತಾರೆ. ಅದಕ್ಕಾಗಿ ಈ ತಿಂಗಳ ನಮ್ಮ ಗೋಡೆ ಪತ್ರಿಕೆಗೆ ನಾನು ಮೂತ್ರಪಿಂಡದ ವಿಷಯವನ್ನು ಆರಿಸಿಕೊಂಡಿದ್ದೇನೆ. ಇದಕ್ಕೆ ಮೂತ್ರಜನಕಾಂಗ ಅಂತಲೂ ಹೆಸರಿದೆ. ಮನೆಯಲ್ಲಿ ನಾವೆಲ್ಲಾ ಕಿಡ್ನಿ ಅಂತೀವಿ. ಲೇಖನದಲ್ಲಿ ಉಚ್ಚೆ ಎನ್ನುವ ಮಾತು ಅಲ್ಲಲ್ಲಿ ಬರುತ್ತದೆ. ನಗುವವರು ಈಗಲೇ ನಕ್ಕು ಮುಗಿಸಿ, ಆಮೇಲೆ ಓದಿ. ಉಚ್ಚೆ ಸರಿಯಾಗಿ ಬಾರದವರ ಕಷ್ಟ ಎಂಥದ್ದು ಅಂತ ನಾನು ನಮ್ಮ ಮನೆಯಲ್ಲೇ ನೋಡುತ್ತಿದ್ದೇನೆ. ನಮ್ಮ ದೊಡ್ಡಪ್ಪನ ಎರಡು ಮೂತ್ರಪಿಂಡಗಳೂ ಕೆಲಸ ನಿಲ್ಲಿಸಿವೆ. ಅವರು ವಾರಕ್ಕೆ ಮೂರು ದಿನ ಡಯಾಲಿಸಿಸ್‌ಗೆ ಹೋಗುತ್ತಾರೆ. ಅವರನ್ನು ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. "ಬರಿ ಮಗ, ನಾಲ್ಕು ಜನಕ್ಕೆ ಗೊತ್ತಾಗ್ಲಿ" ಅಂದರು.

ಎಲ್ಲಿವೆ? ಹೇಗಿವೆ?

ನಿಮ್ಮ ಎರಡೂ ಕೈಗಳನ್ನು ಹಿಂದಕ್ಕೆ ತಂದು ಸೊಂಟದ ಮೇಲೆ, ಕೊನೆಯ ಪಕ್ಕೆಲುಬಿನ ಹತ್ತಿರ ಇಟ್ಟುಕೊಳ್ಳಿ. ಅದರ ಒಳಗಡೆ, ಬೆನ್ನುಮೂಳೆಯ ಆ ಕಡೆ ಒಂದು ಈ ಕಡೆ ಒಂದು ಮೂತ್ರಪಿಂಡ ಇದೆ. ಬಲಗಡೆಯದು ಸ್ವಲ್ಪ ಕೆಳಗಿರುತ್ತದೆ. ಅದರ ಮೇಲೆ ಪಿತ್ತಜನಕಾಂಗ, ಅಂದರೆ ಲಿವರ್, ಜಾಗ ಹಿಡಿದಿರುವುದೇ ಇದಕ್ಕೆ ಕಾರಣ.

ದೊಡ್ಡವರಲ್ಲಿ ಒಂದೊಂದು ಮೂತ್ರಪಿಂಡ ಸುಮಾರು 10ರಿಂದ 12 ಸೆಂಟಿಮೀಟರ್ ಉದ್ದ ಇರುತ್ತದೆ. ತೂಕ ಸುಮಾರು 150 ಗ್ರಾಂ. ಮುಷ್ಟಿ ಹಿಡಿದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟೇ. ಆಕಾರ ದೊಡ್ಡ ಅವರೆಕಾಳಿನ ಹಾಗೆ. ಭಾನುವಾರ ಮಟನ್ ಅಂಗಡಿಗೆ ಹೋಗುವವರು ಕುರಿಯ ಕಿಡ್ನಿಯನ್ನು ನೋಡಿರುತ್ತೀರಿ. ಹೊರಗೆ ನುಣುಪು, ಬಣ್ಣ ಕಂದುಗೆಂಪು. ಉದ್ದಕ್ಕೆ ಸೀಳಿದರೆ ಹೊರಗಿನ ಪದರ ಒಂದು ಬಣ್ಣ, ಒಳಗಿನ ಭಾಗ ಇನ್ನೊಂದು ಬಣ್ಣ. ನಮ್ಮದೂ ಹಾಗೇ ಇರುತ್ತದೆ. ಅವರೆಕಾಳಿನ ತಗ್ಗಿನ ಹಾಗಿರುವ ಜಾಗದಲ್ಲಿ ಮೂರು ಕೊಳವೆಗಳಿವೆ. ಒಂದು ರಕ್ತ ತರುತ್ತದೆ, ಒಂದು ರಕ್ತ ವಾಪಸು ಒಯ್ಯುತ್ತದೆ, ಮೂರನೆಯದು ಮೂತ್ರನಾಳ. ಎರಡೂ ಮೂತ್ರನಾಳಗಳು ಕೆಳಗೆ ಹೋಗಿ ಮೂತ್ರಕೋಶಕ್ಕೆ ಸೇರುತ್ತವೆ. ಪಕ್ಕದಲ್ಲಿ ಅಂಟಿಸಿರುವ ಚಿತ್ರ ನೋಡಿ. ಕೆಂಪು ಗೆರೆ ರಕ್ತ ತರುವುದು, ನೀಲಿ ಗೆರೆ ಒಯ್ಯುವುದು, ಹಳದಿ ಗೆರೆ ಮೂತ್ರನಾಳ.

ರಕ್ತದಲ್ಲಿ ಕಸ ಹೇಗೆ ಸೇರುತ್ತದೆ?

ನಾವು ಬೇಳೆ ಸಾರು, ಮೊಟ್ಟೆ, ಹಾಲು, ಕಾಳು ತಿನ್ನುತ್ತೇವೆ. ಅದರಲ್ಲಿ ಪ್ರೋಟೀನು ಇದೆ. ದೇಹ ಪ್ರೋಟೀನನ್ನು ಉಪಯೋಗಿಸಿಕೊಂಡ ಮೇಲೆ ಅಮೋನಿಯ ಎಂಬ ವಿಷ ಉಳಿಯುತ್ತದೆ. ಪಿತ್ತಜನಕಾಂಗ ಅದನ್ನು ಅಷ್ಟೊಂದು ಅಪಾಯವಿಲ್ಲದ ಯೂರಿಯಾ ಮಾಡಿ ರಕ್ತಕ್ಕೆ ಬಿಡುತ್ತದೆ. ಹೌದು, ರಾಗಿ ಹೊಲಕ್ಕೆ ಎರಚುವ ಗೊಬ್ಬರದ ಮೂಟೆಯ ಮೇಲೆ ಬರೆದಿರುತ್ತದಲ್ಲಾ, ಅದೇ ಯೂರಿಯಾ! ಈ ವಸ್ತುವನ್ನು 1828ರಲ್ಲಿ ಜರ್ಮನಿಯ ಫ್ರೆಡ್ರಿಕ್ ವೋಲರ್ ಎಂಬ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ತಯಾರಿಸಿ ತೋರಿಸಿದರು. ದೇಹದೊಳಗೆ ಆಗುವ ವಸ್ತುವನ್ನು ಹೊರಗೂ ಮಾಡಬಹುದು ಅಂತ ಜನಕ್ಕೆ ಆಗ ತಿಳಿಯಿತು.

ಯೂರಿಯಾದ ಜೊತೆಗೆ ಕ್ರಿಯಾಟಿನಿನ್ ಎಂಬ ಇನ್ನೊಂದು ಕಸ ನಮ್ಮ ಮಾಂಸಖಂಡಗಳಿಂದ ಬರುತ್ತದೆ. ಇವೆರಡೂ ದಿನಾ ಹುಟ್ಟುತ್ತಲೇ ಇರುತ್ತವೆ. ನಾವು ಉಪವಾಸ ಮಾಡಿದರೂ ಹುಟ್ಟುತ್ತವೆ.

ಕಸ ಹೊರಗೆ ಹೋಗದೆ ನಿಂತರೆ ಏನಾಗುತ್ತದೆ ಅಂತ ನಮಗೆ ಯಾರೂ ಹೇಳಬೇಕಾಗಿಲ್ಲ. ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಬಸ್ಸಿನಲ್ಲಿ ಹೋಗುವಾಗ ಎಲ್ಲರೂ ಮೂಗು ಮುಚ್ಚಿಕೊಳ್ಳುವ ಜಾಗ ಬರುತ್ತದೆ. ಅದು ವೃಷಭಾವತಿ. ಹಿಂದೆ ಅದು ತಿಳಿನೀರಿನ ಹೊಳೆಯಾಗಿತ್ತು ಅಂತ ನಮ್ಮ ತಾತ ಹೇಳುತ್ತಾರೆ. ಊರು ಬೆಳೆದಷ್ಟು ವೇಗವಾಗಿ ಕೊಳಚೆ ಸೋಸುವ ವ್ಯವಸ್ಥೆ ಬೆಳೆಯಲಿಲ್ಲ. ಆ ನೀರು ಮುಂದೆ ಅರ್ಕಾವತಿಗೆ ಸೇರಿ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ದೇಹದಲ್ಲೂ ಹಾಗೇ. ಒಂದು ಕಡೆ ಸೋಸುವುದು ನಿಂತರೆ ಕಸ ಎಲ್ಲಾ ಕಡೆಗೂ ಹೋಗುತ್ತದೆ. ರಕ್ತ ಹೋಗದ ಜಾಗ ದೇಹದಲ್ಲಿ ಎಲ್ಲಿದೆ?

ಟೀ ಸೋಸಿದ ಹಾಗಾ?

"ಕಿಡ್ನಿ ಅಂದ್ರೆ ಜರಡಿ" ಅಂತ ಬಹಳ ಜನ ಹೇಳುತ್ತಾರೆ. ಅದು ಅರ್ಧ ಮಾತ್ರ ನಿಜ. ಟೀ ಸೋಸುವಾಗ ಜರಡಿಯ ಮೇಲೆ ಚರಟ ನಿಲ್ಲುತ್ತದೆ, ಕೆಳಗೆ ಒಳ್ಳೇ ಟೀ ಬರುತ್ತದೆ. ಮೂತ್ರಪಿಂಡದಲ್ಲಿ ಹಾಗಲ್ಲ. ಒಂದು ಸಣ್ಣ ಪ್ರಯೋಗ ಮಾಡಿದರೆ ಗೊತ್ತಾಗುತ್ತದೆ.

ಮಾಡಿ ನೋಡಿ: ಒಂದು ಲೋಟ ಕುಡಿಯುವ ನೀರಿಗೆ ಒಂದು ಚಮಚ ಸಕ್ಕರೆ ಹಾಕಿ ಕರಗಿಸಿ. ಒಂದು ಹಿಡಿ ತೊಳೆದ ಹೆಸರುಕಾಳು ಹಾಕಿ. ಈಗ ಶುಭ್ರವಾದ ಬಟ್ಟೆಯಲ್ಲಿ ಇನ್ನೊಂದು ಲೋಟಕ್ಕೆ ಸೋಸಿ. ಕಾಳು ಬಟ್ಟೆಯ ಮೇಲೆ ನಿಂತಿತು. ಕೆಳಗೆ ಬಂದ ನೀರನ್ನು ರುಚಿ ನೋಡಿ. ಸಿಹಿಯಾಗಿದೆ ಅಲ್ವಾ?

ಕಾಳು ಅಂದರೆ ರಕ್ತಕಣಗಳು ಮತ್ತು ದೊಡ್ಡ ಪ್ರೋಟೀನುಗಳು. ಅವು ದಪ್ಪ, ಹಾಗಾಗಿ ರಂಧ್ರದಲ್ಲಿ ತೂರುವುದಿಲ್ಲ. ಆದರೆ ಸಕ್ಕರೆ ಸಣ್ಣದು, ಉಪ್ಪು ಸಣ್ಣದು, ಯೂರಿಯಾನೂ ಸಣ್ಣದು. ಜರಡಿಗೆ ಇದು ಬೇಕಾದ್ದು, ಇದು ಬೇಡದ್ದು ಅಂತ ಗೊತ್ತಾಗುವುದಿಲ್ಲ. ಎಲ್ಲವನ್ನೂ ಕೆಳಗೆ ಬಿಟ್ಟುಬಿಡುತ್ತದೆ. ಹಾಗಾದರೆ ನಾವು ತಿಂದ ಸಕ್ಕರೆ, ಉಪ್ಪು, ಕುಡಿದ ನೀರು ಎಲ್ಲಾ ಉಚ್ಚೆಯಲ್ಲಿ ಹೊರಟು ಹೋಗಬೇಕಿತ್ತಲ್ಲ? ಯಾಕೆ ಹೋಗುವುದಿಲ್ಲ? ಈ ಲೇಖನದ ಮುಖ್ಯ ವಿಷಯ ಇದೇ.

ಹಬ್ಬಕ್ಕೆ ಮನೆ ಕ್ಲೀನ್ ಮಾಡಿದ ಹಾಗೆ

ಯುಗಾದಿಗೆ ಮುಂಚೆ ನಮ್ಮ ಮನೆಗಳಲ್ಲಿ ಏನು ಮಾಡುತ್ತಾರೆ? ಒಂದೊಂದೇ ಕಸ ಹುಡುಕಿ ಎಸೆಯುತ್ತಾ ಕೂರುವುದಿಲ್ಲ. ಪಾತ್ರೆ, ಟ್ರಂಕು, ಹಾಸಿಗೆ, ಡಬ್ಬ ಎಲ್ಲವನ್ನೂ ಅಂಗಳಕ್ಕೆ ತಂದು ಹಾಕುತ್ತಾರೆ. ಆಮೇಲೆ ಬೇಕಾದ್ದನ್ನು ಒರೆಸಿ ಒಳಗೆ ತೆಗೆದುಕೊಂಡು ಹೋಗುತ್ತಾರೆ. ಕೊನೆಗೆ ಅಂಗಳದಲ್ಲಿ ಉಳಿದದ್ದೇ ಕಸ.

ಮೂತ್ರಪಿಂಡ ಮಾಡುವುದೂ ಇದೇ ಕೆಲಸ. ಒಂದೊಂದು ಮೂತ್ರಪಿಂಡದಲ್ಲಿ ಸುಮಾರು 10 ಲಕ್ಷ ನೆಫ್ರಾನ್‌ಗಳಿವೆ. ಬರಿಗಣ್ಣಿಗೆ ಕಾಣುವುದಿಲ್ಲ. ಪ್ರತಿ ನೆಫ್ರಾನಿನ ತುದಿಯಲ್ಲಿ ಕೂದಲಿಗಿಂತ ಎಷ್ಟೋ ಸಣ್ಣ ರಕ್ತನಾಳಗಳ ಒಂದು ಉಂಡೆ ಇದೆ. ಅದಕ್ಕೆ ಗ್ಲೊಮೆರುಲಸ್ ಎಂದು ಹೆಸರು. ಆ ಉಂಡೆಯನ್ನು ಒಂದು ಬಟ್ಟಲು ಹಿಡಿದುಕೊಂಡಿದೆ. ಇಂಗ್ಲೆಂಡಿನ ವಿಲಿಯಂ ಬೌಮನ್ ಎಂಬ ವೈದ್ಯರು 1842ರಲ್ಲಿ ಅದನ್ನು ಸರಿಯಾಗಿ ವಿವರಿಸಿದ್ದರಿಂದ ಅದಕ್ಕೆ ಬೌಮನ್ ಬಟ್ಟಲು ಎನ್ನುತ್ತಾರೆ. ರಕ್ತದ ಒತ್ತಡದಿಂದ ನೀರು, ಸಕ್ಕರೆ, ಉಪ್ಪು, ಯೂರಿಯಾ ಎಲ್ಲಾ ಆ ಬಟ್ಟಲಿಗೆ ಬೀಳುತ್ತದೆ. ಇದು ಸಾಮಾನು ಅಂಗಳಕ್ಕೆ ತಂದು ಹಾಕಿದ ಹಾಗೆ.

ಬಟ್ಟಲಿನಿಂದ ಒಂದು ಸೊಟ್ಟ ಸೊಟ್ಟ ಕೊಳವೆ ಹೊರಡುತ್ತದೆ. ಅದರ ಸುತ್ತಲೂ ರಕ್ತನಾಳಗಳು ಹೆಣೆದುಕೊಂಡಿವೆ. ಕೊಳವೆಯ ಮೊದಲ ಭಾಗದಲ್ಲೇ ಮೂರರಲ್ಲಿ ಎರಡು ಪಾಲು ನೀರು ಮತ್ತು ಉಪ್ಪು ರಕ್ತಕ್ಕೆ ವಾಪಸು ಹೋಗುತ್ತದೆ. ಆರೋಗ್ಯವಂತರಲ್ಲಿ ಸಕ್ಕರೆ ಪೂರ್ತಿ ವಾಪಸು ಹೋಗುತ್ತದೆ. ಆಮೇಲೆ ಕೊಳವೆ ಕೆಳಗಿಳಿದು ಮತ್ತೆ ಮೇಲಕ್ಕೆ ತಿರುಗುತ್ತದೆ. ಇದು ಹೆನ್ಲೆ ಕುಣಿಕೆ. ಇಲ್ಲಿ ಇನ್ನಷ್ಟು ನೀರು, ಉಪ್ಪು ವಾಪಸು. ಕೊನೆಯ ಭಾಗದಲ್ಲಿ, ಇವತ್ತು ದೇಹಕ್ಕೆ ಎಷ್ಟು ಬೇಕೋ ಅಷ್ಟನ್ನು ಮಾತ್ರ ಅಳೆದು ತೆಗೆದುಕೊಳ್ಳುತ್ತದೆ. ಉಳಿದದ್ದೇ ಉಚ್ಚೆ.

ಒಂದು ಲೆಕ್ಕ

ಗಣಿತ ಇಷ್ಟವಿರುವವರಿಗೆ ಈ ಲೆಕ್ಕ. ದೊಡ್ಡವರ ದೇಹದಲ್ಲಿ ಸುಮಾರು 5 ಲೀಟರ್ ರಕ್ತ ಇದೆ. ಪ್ರತಿ ನಿಮಿಷಕ್ಕೂ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ರಕ್ತ ಮೂತ್ರಪಿಂಡಗಳಿಗೆ ಹೋಗುತ್ತದೆ. ಅದರಿಂದ ನಿಮಿಷಕ್ಕೆ ಸುಮಾರು 125 ಮಿಲಿಲೀಟರ್ ನೀರು ಬಟ್ಟಲುಗಳಿಗೆ ಸೋಸಿ ಬೀಳುತ್ತದೆ.

125 × 60 × 24 = 1,80,000 ಮಿಲಿಲೀಟರ್. ಅಂದರೆ ದಿನಕ್ಕೆ 180 ಲೀಟರ್.

ನಮ್ಮ ಊರಿನಲ್ಲಿ ಮನೆ ಮನೆಗೆ ಬರುವ ನೀರಿನ ಕ್ಯಾನ್ 20 ಲೀಟರಿನದು. 180 ÷ 20 = 9. ನಾವು ಸುಮ್ಮನೆ ಪಾಠ ಕೇಳುತ್ತಾ, ಆಟ ಆಡುತ್ತಾ, ನಿದ್ದೆ ಮಾಡುತ್ತಾ ಇರುವಾಗ ದೊಡ್ಡವರ ಒಂದು ಜೊತೆ ಮೂತ್ರಪಿಂಡ ಒಂದು ದಿನಕ್ಕೆ 9 ಕ್ಯಾನ್ ಸೋಸುತ್ತದೆ! ಆದರೆ ದಿನಕ್ಕೆ ಬರುವ ಉಚ್ಚೆ ಸುಮಾರು ಒಂದೂವರೆ ಲೀಟರ್ ಅಷ್ಟೇ. ಮಿಕ್ಕ 178.5 ಲೀಟರ್ ಎಲ್ಲಿ ಹೋಯಿತು? ವಾಪಸು ರಕ್ತಕ್ಕೆ ಹೋಯಿತು. ಅದರ ಜೊತೆ ಸುಮಾರು ಒಂದೂವರೆ ಕೆ.ಜಿ. ಉಪ್ಪು ಸೋಸಿ ಬಿದ್ದು, ಹೆಚ್ಚುಕಡಿಮೆ ಅಷ್ಟೂ ವಾಪಸು ಹೋಗುತ್ತದೆ. ದೇಹದಲ್ಲಿ ಅಷ್ಟೊಂದು ನೀರು ಉಪ್ಪು ಎಲ್ಲಿಂದ ಬಂತು ಅಂತ ಕೇಳಬೇಡಿ. ಇರುವುದನ್ನೇ ಮತ್ತೆ ಮತ್ತೆ ಸೋಸುವುದು. ರಕ್ತದ ನೀರಿನ ಭಾಗ ಸುಮಾರು 3 ಲೀಟರ್. ಅದು ದಿನಕ್ಕೆ 60 ಸಲ ಸೋಸಿ ಬರುತ್ತದೆ.

ಎಸೆಯುವುದು ಸುಲಭದ ಕೆಲಸ. ಆರಿಸಿ ವಾಪಸು ತಗೊಳ್ಳೋದೇ ಕಷ್ಟ. ಮೂತ್ರಪಿಂಡದ ಜಾಣತನ ಇರುವುದು ಅಲ್ಲಿ.

ಇನ್ನೂ ಏನೇನು ಕೆಲಸ ಮಾಡುತ್ತವೆ?

1. ನೀರಿನ ಲೆಕ್ಕ: ಬಿಸಿಲಲ್ಲಿ ಕಬಡ್ಡಿ ಆಡಿ ಬಂದ ದಿನ ಉಚ್ಚೆ ಕಡಿಮೆ, ಗಾಢ ಹಳದಿ. ಮಳೆಗಾಲದಲ್ಲಿ ಜಾಸ್ತಿ, ನೀರಿನ ಹಾಗೆ. ಮೈಯಲ್ಲಿ ನೀರು ಕಡಿಮೆಯಾದಾಗ ಮೆದುಳಿನ ಕೆಳಗಿರುವ ಪಿಟ್ಯುಟರಿ ಗ್ರಂಥಿ ಒಂದು ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ. "ನೀರು ಉಳಿಸು" ಅಂತ ಚೀಟಿ ಕಳಿಸಿದ ಹಾಗೆ. ಮೂತ್ರಪಿಂಡ ಆಗ ನೀರನ್ನು ಹೆಚ್ಚು ವಾಪಸು ತೆಗೆದುಕೊಳ್ಳುತ್ತದೆ. ಆದರೆ ಎಷ್ಟೇ ಉಳಿಸಿದರೂ ಕಸ ಕರಗಿಸಿ ಕಳಿಸಲು ದಿನಕ್ಕೆ ಸುಮಾರು ಅರ್ಧ ಲೀಟರ್ ಬೇಕೇ ಬೇಕು.

2. ಬಿ.ಪಿ.: ರಕ್ತದ ಒತ್ತಡ ಕಡಿಮೆಯಾದರೆ ಮೂತ್ರಪಿಂಡ ರೆನಿನ್ ಎಂಬ ವಸ್ತುವನ್ನು ಬಿಟ್ಟು ಒತ್ತಡ ಏರುವಂತೆ ಮಾಡುತ್ತದೆ. ಉಪ್ಪು ಹೆಚ್ಚಾದರೆ ಹೊರಗೆ ಹಾಕುತ್ತದೆ.

3. ಹೊಸ ರಕ್ತ: ಎರಿಥ್ರೊಪೊಯೆಟಿನ್ ಎಂಬ ಹಾರ್ಮೋನನ್ನು ಹೆಚ್ಚಾಗಿ ಮಾಡುವುದು ಮೂತ್ರಪಿಂಡವೇ. ಅದು ಮೂಳೆಯ ಒಳಗಿನ ಮಜ್ಜೆಗೆ ಹೋಗಿ ಕೆಂಪು ರಕ್ತಕಣ ಮಾಡು ಅಂತ ಹೇಳುತ್ತದೆ. ಮೂತ್ರಪಿಂಡ ಸೋತವರು ಬಿಳುಚಿಕೊಂಡು ಸುಸ್ತಾಗಿರುವುದಕ್ಕೆ ಇದೊಂದು ಕಾರಣ.

4. ಮೂಳೆ: ಬಿಸಿಲಿನಿಂದ ಚರ್ಮದಲ್ಲಿ ಆಗುವ ಡಿ ವಿಟಮಿನ್ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಅದನ್ನು ಕೊನೆಗೆ ಕೆಲಸಕ್ಕೆ ಬರುವಂತೆ ಮಾಡುವುದು ಮೂತ್ರಪಿಂಡ.

5. ಪೊಟ್ಯಾಸಿಯಂ ಮತ್ತು ಆಮ್ಲ: ರಕ್ತದಲ್ಲಿ ಪೊಟ್ಯಾಸಿಯಂ ಹೆಚ್ಚಾದರೆ ಹೃದಯದ ಬಡಿತ ತಪ್ಪುತ್ತದೆ, ನಿಂತೂ ಹೋಗಬಹುದು. ಹೆಚ್ಚಾದ ಪೊಟ್ಯಾಸಿಯಂ ಮತ್ತು ಆಮ್ಲವನ್ನು ಮೂತ್ರಪಿಂಡ ದಿನಾ ಹೊರಗೆ ಹಾಕುತ್ತದೆ.

ನೋವಿಲ್ಲದೆ ಹಾಳಾಗುತ್ತದೆ

ಹಲ್ಲು ಕೆಟ್ಟರೆ ನೋಯುತ್ತದೆ. ಕಾಲಿಗೆ ಮುಳ್ಳು ಚುಚ್ಚಿದರೆ ತಕ್ಷಣ ಗೊತ್ತಾಗುತ್ತದೆ. ಮೂತ್ರಪಿಂಡ ಹಾಗಲ್ಲ. ನೆಫ್ರಾನ್‌ಗಳು ಒಂದೊಂದಾಗಿ ಹೋಗುತ್ತಿದ್ದರೂ ಉಳಿದವು ಆ ಕೆಲಸವನ್ನೂ ಸೇರಿಸಿ ಮಾಡುತ್ತವೆ. ಅರ್ಧಕ್ಕಿಂತ ಹೆಚ್ಚು ಹೋದ ಮೇಲೂ ಎಷ್ಟೋ ಜನಕ್ಕೆ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ವಿಷಯ. ಹುಟ್ಟುವ ಹೊತ್ತಿಗೆ ಎಷ್ಟು ನೆಫ್ರಾನ್ ಇರುತ್ತವೋ ಅಷ್ಟೇ. ಆಮೇಲೆ ಹೊಸದು ಹುಟ್ಟುವುದಿಲ್ಲ. ಕೂದಲು ಉದುರಿದರೆ ಬರಬಹುದು, ಉಗುರು ಮುರಿದರೆ ಬೆಳೆಯಬಹುದು, ಹೋದ ನೆಫ್ರಾನ್ ಬರುವುದಿಲ್ಲ.

ಮೂತ್ರಪಿಂಡ ಹಾಳಾಗಲು ಮುಖ್ಯ ಕಾರಣಗಳು ಎರಡು: ಸಕ್ಕರೆ ಕಾಯಿಲೆ ಮತ್ತು ಬಿ.ಪಿ. ರಕ್ತದಲ್ಲಿ ಸಕ್ಕರೆ ಬಹಳ ದಿನ ಹೆಚ್ಚಾಗಿದ್ದರೆ ಆ ಸಣ್ಣ ರಕ್ತನಾಳದ ಉಂಡೆಗಳು ಕೆಡುತ್ತವೆ. ಬಿ.ಪಿ. ಹೆಚ್ಚಾಗಿದ್ದರೂ ಕೆಡುತ್ತವೆ. ಮೂತ್ರಪಿಂಡ ಕೆಟ್ಟರೆ ಬಿ.ಪಿ. ಇನ್ನೂ ಏರುತ್ತದೆ. ಹೀಗೆ ಒಂದನ್ನೊಂದು ಹಾಳು ಮಾಡುತ್ತಾ ಹೋಗುತ್ತವೆ.

ನಮ್ಮ ದೊಡ್ಡಪ್ಪನಿಗೆ ಎರಡೂ ಇತ್ತು. ಮಾತ್ರೆ ತಗೊಂಡು ಚೆನ್ನಾಗಿದ್ದರು. ಚೆನ್ನಾಗಿದ್ದೇನಲ್ಲಾ ಅಂತ ಮಾತ್ರೆ ಬಿಟ್ಟರು. ಮಂಡಿ ನೋವಿಗೆ ಮಾತ್ರ ಡಾಕ್ಟರ ಚೀಟಿ ಇಲ್ಲದೆ ಅಂಗಡಿಯಿಂದ ಮಾತ್ರೆ ತಂದು ವರ್ಷಗಟ್ಟಲೆ ನುಂಗಿದರು. ಕೆಲವು ನೋವಿನ ಮಾತ್ರೆಗಳು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ ಅಂತ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. "ಒಂದು ದಿನಾನೂ ನೋವಿರ್ಲಿಲ್ಲ ಕಣಮ್ಮ. ಕಾಲು ಊದಿಕೊಂಡಾಗ ಚಪ್ಪಲಿ ಬಿಗಿ ಆಯ್ತು ಅಂತ ದೊಡ್ಡ ಸೈಜು ತಗೊಂಡೆ" ಅಂತ ದೊಡ್ಡಪ್ಪ ಹೇಳುತ್ತಾರೆ. ಆಸ್ಪತ್ರೆಗೆ ಹೋಗುವಷ್ಟರಲ್ಲಿ ತಡವಾಗಿತ್ತು.

ಈ ಚಿಹ್ನೆಗಳು ಕಂಡರೆ ಮನೆಯವರಿಗೆ ಹೇಳಿ: ಕಾಲು ಅಥವಾ ಬೆಳಗ್ಗೆ ಮುಖ ಊದಿಕೊಳ್ಳುವುದು, ಉಚ್ಚೆಯಲ್ಲಿ ನೊರೆ ಜಾಸ್ತಿಯಾಗಿ ಹೋಗದೆ ನಿಲ್ಲುವುದು, ಉಚ್ಚೆ ಕೆಂಪಾಗುವುದು, ಉರಿ, ಊಟ ಸೇರದಿರುವುದು. ಇದ್ದಕ್ಕಿದ್ದ ಹಾಗೆ ಮೂತ್ರಪಿಂಡವೇ ಕೆಟ್ಟಿದೆ ಅಂತ ಹೆದರಬೇಡಿ. ಬೇರೆ ಕಾರಣವೂ ಇರಬಹುದು. ಪರೀಕ್ಷೆ ಮಾಡಿಸಿದರೆ ತಿಳಿಯುತ್ತದೆ. ಪರೀಕ್ಷೆ ಎರಡೇ: ಉಚ್ಚೆಯಲ್ಲಿ ಪ್ರೋಟೀನು ಹೋಗುತ್ತಿದೆಯಾ ನೋಡುವುದು, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ನೋಡುವುದು. ಮನೆಯಲ್ಲಿ ಶುಗರ್, ಬಿ.ಪಿ. ಇರುವ ಅಜ್ಜಿ ತಾತಂದಿರು, ಅಪ್ಪ ಅಮ್ಮಂದಿರು ವರ್ಷಕ್ಕೆ ಒಂದು ಸಲವಾದರೂ ಇವೆರಡನ್ನೂ ಮಾಡಿಸಬೇಕು.

ಡಯಾಲಿಸಿಸ್ ಅಂದರೆ ಏನು?

ಎರಡನೇ ಮಹಾಯುದ್ಧದ ಕಾಲದಲ್ಲಿ, 1943ರಲ್ಲಿ, ಹಾಲೆಂಡ್ ದೇಶದ ಕಾಂಪೆನ್ ಎಂಬ ಊರಿನಲ್ಲಿ ವಿಲೆಂ ಕೋಲ್ಫ್ ಎಂಬ ಡಾಕ್ಟರು ಒಂದು ಯಂತ್ರ ಮಾಡಿದರು. ಮಾಂಸದ ಸಾಸೇಜ್ ತುಂಬುವ ಸೆಲ್ಲೊಫೇನ್ ಕೊಳವೆಯನ್ನು ಒಂದು ದೊಡ್ಡ ಪೀಪಾಯಿಗೆ ಸುತ್ತಿ, ಅದರೊಳಗೆ ರೋಗಿಯ ರಕ್ತವನ್ನು ಹರಿಸಿದರು. ಪೀಪಾಯಿ ಉಪ್ಪುನೀರಿನ ತೊಟ್ಟಿಯಲ್ಲಿ ತಿರುಗುತ್ತಿತ್ತು. ರಕ್ತದ ಯೂರಿಯಾ ಕೊಳವೆಯ ಗೋಡೆ ದಾಟಿ ನೀರಿಗೆ ಹೋಯಿತು. ಮೊದಮೊದಲು ಬಹಳ ರೋಗಿಗಳು ಉಳಿಯಲಿಲ್ಲ. ಆದರೂ ಅವರು ಬಿಡಲಿಲ್ಲ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿ ಮನೆಗೆ ಹೋದರು.

ಈಗಿನ ಯಂತ್ರದ ತತ್ವವೂ ಅದೇ. ಕೂದಲಿನಷ್ಟು ಸಣ್ಣ ಸಾವಿರಾರು ಕೊಳವೆಗಳ ಒಳಗೆ ರಕ್ತ, ಹೊರಗೆ ಶುದ್ಧ ದ್ರವ. ಒಂದು ಸಲದ ಡಯಾಲಿಸಿಸ್‌ಗೆ ಸುಮಾರು 120 ಲೀಟರ್ ಶುದ್ಧ ದ್ರವ ಬೇಕು. ಅಂದರೆ 6 ಕ್ಯಾನ್. ದೊಡ್ಡಪ್ಪನ ಎಡಗೈಯಲ್ಲಿ ಒಂದು ಸಣ್ಣ ಆಪರೇಷನ್ ಮಾಡಿ ಎರಡು ರಕ್ತನಾಳಗಳನ್ನು ಸೇರಿಸಿದ್ದಾರೆ. ಅದಕ್ಕೆ ಫಿಸ್ಟುಲ ಅಂತ ಹೆಸರು. ಅಲ್ಲಿ ಬೆರಳಿಟ್ಟರೆ ಜುಮ್ ಜುಮ್ ಅಂತ ಬೆಕ್ಕು ಗುರುಗುಟ್ಟಿದ ಹಾಗೆ ತಿಳಿಯುತ್ತದೆ. ಆ ಕೈಯಲ್ಲಿ ಬಿ.ಪಿ. ನೋಡಬಾರದು, ಭಾರ ಎತ್ತಬಾರದು.

ಒಂದು ಸಲಕ್ಕೆ 4 ಗಂಟೆ, ವಾರಕ್ಕೆ 3 ಸಲ. 4 × 3 = 12 ಗಂಟೆ. ವಾರಕ್ಕೆ ಒಟ್ಟು ಎಷ್ಟು ಗಂಟೆ? 24 × 7 = 168. ನಮ್ಮ ಮೂತ್ರಪಿಂಡ 168 ಗಂಟೆ ಕೆಲಸ ಮಾಡುತ್ತದೆ, ಯಂತ್ರ 12 ಗಂಟೆ. ಯಂತ್ರಕ್ಕೆ ಹಾರ್ಮೋನು ಮಾಡಲು ಬರುವುದಿಲ್ಲ, ಅದಕ್ಕೇ ದೊಡ್ಡಪ್ಪನಿಗೆ ರಕ್ತ ಹೆಚ್ಚಲು ಬೇರೆ ಇಂಜೆಕ್ಷನ್ ಕೊಡುತ್ತಾರೆ. ಇವತ್ತು ಬಿಸಿಲು, ನೀರು ಉಳಿಸು ಅಂತ ಹೇಳಿದರೆ ಯಂತ್ರಕ್ಕೆ ತಿಳಿಯುವುದಿಲ್ಲ.

ಹಾಗಾಗಿ ಉಳಿದ 156 ಗಂಟೆ ದೊಡ್ಡಪ್ಪನೇ ಲೆಕ್ಕ ಇಡಬೇಕು. ಉಚ್ಚೆ ಹೋಗದ್ದರಿಂದ ಕುಡಿದ ನೀರು ಮೈಯಲ್ಲೇ ನಿಲ್ಲುತ್ತದೆ, ಶ್ವಾಸಕೋಶಕ್ಕೂ ತುಂಬಿಕೊಳ್ಳಬಹುದು. ಡಾಕ್ಟರು ದಿನಕ್ಕೆ ಒಂದು ಲೀಟರ್ ಅಂತ ಹೇಳಿದ್ದಾರೆ. ಕಾಫಿ, ಸಾರು, ಮಜ್ಜಿಗೆ ಎಲ್ಲಾ ಸೇರಿ. ಬೆಳಗ್ಗೆ ಒಂದು ಬಾಟಲಿ ತುಂಬಿ ಇಟ್ಟುಕೊಂಡು, ಏನು ಕುಡಿದರೂ ಅದರಿಂದ ಅಷ್ಟು ಚೆಲ್ಲಿಬಿಡುತ್ತಾರೆ. ಬಾಟಲಿ ಖಾಲಿಯಾದರೆ ಮುಗಿಯಿತು. ಬೇಸಿಗೆಯಲ್ಲಿ ಬಾಯಿ ಮುಕ್ಕಳಿಸಿ ಉಗಿಯುತ್ತಾರೆ. ಎಳನೀರು, ಬಾಳೆಹಣ್ಣು ಒಳ್ಳೇದು ಅಂತ ನಾವು ಕಾಯಿಲೆಯವರಿಗೆ ಒಯ್ದು ಕೊಡುತ್ತೇವೆ. ಅದರಲ್ಲಿ ಪೊಟ್ಯಾಸಿಯಂ ಬಹಳ, ಡಯಾಲಿಸಿಸ್ ಮಾಡಿಸುವವರಿಗೆ ಅದು ಅಪಾಯ. ಕಮರಾಕ್ಷಿ ಹಣ್ಣಂತೂ ಬೇಡವೇ ಬೇಡ, ಅದರಲ್ಲಿರುವ ವಸ್ತು ಅವರ ಮೆದುಳಿಗೆ ಹೋಗಿ ಫಿಟ್ಸ್ ಬರಿಸಬಹುದು. ಅವರನ್ನು ನೋಡಲು ಹೋಗುವವರು ಕೇಳಿಕೊಂಡು ಹೋಗಿ.

ಖರ್ಚಿನ ಬಗ್ಗೆ ಕೇಳುವವರಿಗೆ: 2016ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಶುರು ಮಾಡಿತು. ಬಡವರಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಮಾಡುತ್ತಾರೆ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲೇ ಮೂತ್ರಪಿಂಡದ ಕಾಯಿಲೆಗಳಿಗೆ ನೆಫ್ರೋ-ಯುರಾಲಜಿ ಸಂಸ್ಥೆ ಅಂತ ಸರ್ಕಾರದ ಪ್ರತ್ಯೇಕ ಆಸ್ಪತ್ರೆ ಇದೆ.

ಇನ್ನೊಬ್ಬರ ಮೂತ್ರಪಿಂಡ

1954ರ ಡಿಸೆಂಬರ್ 23ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಡಾ. ಜೋಸೆಫ್ ಮರ್ರೆ ಮತ್ತು ಸಂಗಡಿಗರು ಅವಳಿ ಅಣ್ಣತಮ್ಮಂದಿರಲ್ಲಿ ಒಬ್ಬರ ಮೂತ್ರಪಿಂಡ ತೆಗೆದು ಇನ್ನೊಬ್ಬರಿಗೆ ಜೋಡಿಸಿದರು. ಅದು ಕೆಲಸ ಮಾಡಿತು. 1990ರಲ್ಲಿ ಡಾ. ಮರ್ರೆಗೆ ನೊಬೆಲ್ ಬಹುಮಾನ ಬಂತು. ನಮ್ಮ ದೇಶದಲ್ಲಿ 1971ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಇದು ಯಶಸ್ವಿಯಾಯಿತು. ಒಂದೇ ಮೂತ್ರಪಿಂಡ ಇದ್ದರೂ ಮನುಷ್ಯ ಬದುಕಬಹುದು, ಆದ್ದರಿಂದಲೇ ಕೊಡಲು ಸಾಧ್ಯ. ಹೊಸದನ್ನು ಬೆನ್ನಿನ ಕಡೆ ಇಡುವುದಿಲ್ಲ, ಮುಂದೆ ಕಿಬ್ಬೊಟ್ಟೆಯಲ್ಲಿ ಇಡುತ್ತಾರೆ. ಹಳೆಯದನ್ನು ಸಾಮಾನ್ಯವಾಗಿ ತೆಗೆಯುವುದೇ ಇಲ್ಲ! ಮೂತ್ರಪಿಂಡವನ್ನು ಮಾರುವುದು, ಕೊಳ್ಳುವುದು 1994ರ ಕಾನೂನಿನ ಪ್ರಕಾರ ಅಪರಾಧ. ದಾನ ಮಾತ್ರ ಮಾಡಬಹುದು.

"ನಾನು ಅವನಲ್ಲ... ಅವಳು" ಸಿನಿಮಾದ ನಟನೆಗೆ ರಾಷ್ಟ್ರಪ್ರಶಸ್ತಿ ಪಡೆದ ಸಂಚಾರಿ ವಿಜಯ್ ಅವರು 2021ರ ಜೂನ್ ತಿಂಗಳಲ್ಲಿ ಬೈಕ್ ಅಪಘಾತದಲ್ಲಿ ತೀರಿಕೊಂಡರು. ಮೆದುಳು ಪೂರ್ತಿ ನಿಂತಿದೆ ಅಂತ ಡಾಕ್ಟರು ಹೇಳಿದ ಮೇಲೆ ಮನೆಯವರು ಅವರ ಮೂತ್ರಪಿಂಡಗಳನ್ನೂ ಬೇರೆ ಅಂಗಗಳನ್ನೂ ದಾನ ಮಾಡಿದರು. ಅಂಥ ದುಃಖದಲ್ಲೂ ಅವರು ಇಷ್ಟು ಯೋಚಿಸಿದರಲ್ಲಾ ಅಂತ ದೊಡ್ಡಪ್ಪ ಈಗಲೂ ನೆನೆಯುತ್ತಾರೆ. ನಮ್ಮ ರಾಜ್ಯದಲ್ಲಿ ಇಂಥ ದಾನವನ್ನು ನೋಡಿಕೊಳ್ಳುವ ಸಂಸ್ಥೆಯ ಹೆಸರು ಜೀವಸಾರ್ಥಕತೆ.

ನಾವು ಏನು ಮಾಡಬಹುದು?

ಸ್ನೇಹಿತರೇ, ನಮ್ಮ ತರಗತಿಯ 19 ಹುಡುಗಿಯರನ್ನು ನಾನು ಕೇಳಿದೆ: ಮನೆಯಿಂದ ಹೊರಟ ಮೇಲೆ ಸಂಜೆ ಗಂಟೆ ಹೊಡೆಯುವವರೆಗೆ ನೀರು ಕುಡಿಯುತ್ತೀರಾ? 14 ಜನ ಊಟದ ಹೊತ್ತಿನಲ್ಲಿ ಒಂದೆರಡು ಗುಟುಕು ಅಷ್ಟೇ ಅಂದರು. ಕಾರಣ ಕೇಳಿದರೆ ಎಲ್ಲರದೂ ಒಂದೇ ಉತ್ತರ: "ಕುಡಿದ್ರೆ ಹೋಗ್ಬೇಕಾಗುತ್ತಲ್ವಾ". ಹುಡುಗಿಯರ ಶೌಚಾಲಯದ ಎರಡನೇ ಬಾಗಿಲಿಗೆ ಚಿಲಕ ಇಲ್ಲ. ಮಧ್ಯಾಹ್ನದ ಮೇಲೆ ನೀರು ಇರುವುದಿಲ್ಲ.

ಒಂದು ದಿನ ನೀರು ಕುಡಿಯದಿದ್ದರೆ ಮೂತ್ರಪಿಂಡ ಕೆಟ್ಟುಹೋಗುತ್ತದೆ ಅಂತ ನಾನು ಹೇಳುತ್ತಿಲ್ಲ. ಆದರೆ ದಿನಾ ನೀರು ಕಡಿಮೆಯಾದರೆ ಉಚ್ಚೆಯಲ್ಲಿನ ಲವಣಗಳು ಗಟ್ಟಿಯಾಗಿ ಕಲ್ಲು ಆಗಬಹುದು. ಗಂಟೆಗಟ್ಟಲೆ ಕಟ್ಟಿಕೊಂಡರೆ ಮೂತ್ರಕೋಶದಲ್ಲಿ ಸೋಂಕು ಆಗಿ ಉರಿ, ಜ್ವರ ಬರಬಹುದು. ಸೋಂಕು ಮೇಲಕ್ಕೆ ಹತ್ತಿದರೆ ಮೂತ್ರಪಿಂಡಕ್ಕೆ ತೊಂದರೆ. ನಮ್ಮ ದೊಡ್ಡಪ್ಪನಿಗೆ ಬಾಯಾರಿದರೂ ಕುಡಿಯುವ ಹಾಗಿಲ್ಲ. ನಮಗೆ ಕುಡಿಯಬಹುದು, ಆದರೂ ಕುಡಿಯುವುದಿಲ್ಲ.

2019ರಲ್ಲಿ ಕೇರಳದ ಶಾಲೆಗಳಲ್ಲಿ ನೀರಿನ ಗಂಟೆ ಅಂತ ಶುರು ಮಾಡಿದರು. ಗಂಟೆ ಹೊಡೆದಾಗ ಎಲ್ಲ ಮಕ್ಕಳೂ ನೀರು ಕುಡಿಯಬೇಕು. ಅದೇ ವರ್ಷ ನಮ್ಮ ಕರ್ನಾಟಕದ ಶಾಲೆಗಳಲ್ಲೂ ಹೀಗೆ ಮಾಡಲು ಶಿಕ್ಷಣ ಇಲಾಖೆ ಹೇಳಿತ್ತು. ಗುರುಗಳಲ್ಲಿ ನನ್ನ ವಿನಂತಿ ಇಷ್ಟೇ. ಬೆಳಗ್ಗೆ ಒಂದು ಸಲ, ಮಧ್ಯಾಹ್ನ ಒಂದು ಸಲ ನಮ್ಮ ಶಾಲೆಯಲ್ಲೂ ನೀರಿನ ಗಂಟೆ ಹೊಡೆಸಿ. ಗಂಟೆಗಿಂತ ಮುಂಚೆ ಆ ಬಾಗಿಲಿಗೆ ಒಂದು ಚಿಲಕ ಹಾಕಿಸಿ. ಡ್ರಮ್ಮಿಗೆ ನೀರು ತುಂಬಿಸುವ ಕೆಲಸವನ್ನು ನಾವು ಹುಡುಗಿಯರು, ಹುಡುಗರು ಸರದಿಯ ಮೇಲೆ ಮಾಡುತ್ತೇವೆ. 7ನೇ ತರಗತಿಯವರ ಸರದಿ ಪಟ್ಟಿಯನ್ನು ಈ ಹಾಳೆಯ ಕೆಳಗೆ ಅಂಟಿಸಿದ್ದೇನೆ. ಹೆಸರು ಬರೆಸುವವರು ಬರೆಸಿ.

ಪ್ರಶ್ನೆಗಳು (ಉತ್ತರ ಬರೆದು ಶುಕ್ರವಾರದೊಳಗೆ ಪೆಟ್ಟಿಗೆಗೆ ಹಾಕಿ)

1. ದಿನಕ್ಕೆ 180 ಲೀಟರ್ ಸೋಸಿದರೂ ಉಚ್ಚೆ ಒಂದೂವರೆ ಲೀಟರ್ ಮಾತ್ರ ಯಾಕೆ?
2. ಉಚ್ಚೆಯಲ್ಲಿ ಪ್ರೋಟೀನು ಕಂಡರೆ ನೆಫ್ರಾನಿನ ಯಾವ ಭಾಗ ಕೆಟ್ಟಿರಬಹುದು?
3. ಡಯಾಲಿಸಿಸ್ ಮಾಡಿಸುವವರಿಗೆ ಎಳನೀರು ಯಾಕೆ ಕೊಡಬಾರದು?
4. ಮೂತ್ರಪಿಂಡ ಸೋತವರಿಗೆ ರಕ್ತ ಕಡಿಮೆಯಾಗುವುದು ಹೇಗೆ?
5. ನಿಮ್ಮ ಮನೆಯಲ್ಲಿ ಶುಗರ್, ಬಿ.ಪಿ. ಇರುವವರು ಯಾರಾದರೂ ಇದ್ದಾರಾ? ಅವರು ಕ್ರಿಯಾಟಿನಿನ್ ಪರೀಕ್ಷೆ ಯಾವಾಗ ಮಾಡಿಸಿದ್ದರು? (ಇದರ ಉತ್ತರ ಪೆಟ್ಟಿಗೆಗೆ ಬೇಡ, ಮನೆಯಲ್ಲಿ ಕೇಳಿದರೆ ಸಾಕು.)

– 7ನೇ ತರಗತಿ ವಿದ್ಯಾರ್ಥಿನಿ, ಉಲ್ಲಾಳ